ಬೋಣಿಗೆ ಟಿ.ಸಿ. ಕೊಡಂಗಿಲ್ರಿ

ಕಳೆದ ವಾರ ನಾನು ಚೌಕಾಸಿಯಲ್ಲಿ ಸೋತೆ.

ನಗಬೇಡಿ. ಕೊಪ್ಪಳದ ಬಜಾರದಲ್ಲಿರುವ ನನ್ನ ಸ್ಟೀಲ್ ಪಾತ್ರೆ ಅಂಗಡಿಗೆ ಒಮ್ಮೆ ಬಂದವರಿಗೂ ಇದು ಎಂಥ ಸುದ್ದಿ ಅಂತ ಗೊತ್ತಾಗುತ್ತದೆ. ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಸೈಕಲ್ಲಿಗೆ ಪಾತ್ರೆ ಕಟ್ಟಿಕೊಂಡು, ಹಳೇ ಸೀರೆಗೆ ಹೊಸ ಕೊಡ ಕೊಟ್ಟು ಮೇಲೆ ಬಂದವನು ನಾನು. ಅತ್ತೆ ಒಂದು ಸೆರಗು, ಸೊಸೆ ಒಂದು ಸೆರಗು ಹಿಡಿದು 'ಈ ಸೀರಿ ಕೊಡಬ್ಯಾಡ', 'ಕೊಟ್ಟಽ ಕೊಡ್ತೀನಿ' ಅಂತ ಎಳೆದಾಡುವಾಗ ನಡುವೆ ನಿಂತು ಇಬ್ಬರಿಗೂ ಒಂದೊಂದು ಪಾತ್ರೆ ಮಾರಿದವನು. ಅಂಥವನನ್ನು ಒಬ್ಬ ಅಟೆಂಡರ್, ಅದೂ ವಿಶ್ವವಿದ್ಯಾಲಯದ ಆಫೀಸಿನ ಅಟೆಂಡರ್, ಬೆಂಚಿನ ಮೇಲೆ ಕೂಡಿಸಿ ಒಂದು ಕಪ್ ಚಹಾದಲ್ಲಿ ಮುಗಿಸಿಬಿಟ್ಟರು.

ಆದದ್ದು ಹೀಗೆ.

ನನ್ನ ತಂಗಿಯನ್ನು ತಾವರಗೇರಾಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ಹುಲಿಗೆಮ್ಮ. ನಮ್ಮ ಇಡೀ ಬಳಗದಲ್ಲಿ ಎಂ.ಎಸ್ಸಿ. ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅದೂ ಗಣಿತ. (ನಮ್ಮಲ್ಲಿ ಉಳಿದವರ ಗಣಿತ ಡಜನ್ನಿಗೆ ಮುಗಿಯುತ್ತದೆ.) ಕಾಲೇಜಿನಲ್ಲಿ ಲೆಕ್ಚರರ್ ಆಗಬೇಕು ಅಂತ ಅವಳ ಆಸೆ. ಆದರೆ ಮೊದಲ ಟೆಸ್ಟಿನಲ್ಲೇ ಢಮಾರ್. ಫೋನು ಮಾಡಿ ಅತ್ತಳು. "ಮಾಮಾ, ನನ್ನ ಕೈಲೆ ಆಗಂಗಿಲ್ಲ. ನಾ ಬಿಟ್ಟ್‌ಬಿಡ್ತೀನಿ."

ನಾನು ವ್ಯಾಪಾರಸ್ಥ. ಲಾಸಿನ ಮಾಲನ್ನು ಕಪಾಟಿನಲ್ಲಿಟ್ಟು ಧೂಳು ಒರೆಸುತ್ತ ಕೂಡಬಾರದು, ಬೇಗ ಕೈಬಿಡಬೇಕು ಅನ್ನುವುದು ನನ್ನ ನಿಯಮ. ಅದನ್ನೇ ಹೇಳಿದೆ. "ಆಗದಿದ್ರ ಬಿಡಬೇ ಯವ್ವಾ. ನಮ್ಮ ಅಂಗಡ್ಯಾಗ ಬಿಲ್ ಮಾಡಾಕ ಕುಂದ್ರು. ನಾಳೆ ಹೋಗಿ ಟಿ.ಸಿ. ತರೋಣು."

ಈ ಅಂಕಣ ಓದುವವರಿಗೆ ನನ್ನ ಇನ್ನೊಂದು ಉಪದೇಶವೂ ಬಾಯಿಪಾಠ ಆಗಿರಬೇಕು. ಯಾವ ಆಫೀಸಿಗೇ ಹೋಗಲಿ, ಬೋಣಿ ಹೊತ್ತಿಗೆ ಹೋಗಿ. ದಿನದ ಮೊದಲ ಗಿರಾಕಿಯನ್ನು ಯಾರೂ ಬರಿಗೈಯಲ್ಲಿ ಕಳಿಸುವುದಿಲ್ಲ. ರೇಟೂ ಸಿಗುತ್ತದೆ, ಕೆಲಸವೂ ಆಗುತ್ತದೆ. ಹಾಗಾಗಿ ಮರುದಿನ ನಸುಕಿಗೇ ತಾವರಗೇರಾದಿಂದ ಹುಲಿಗೆಮ್ಮನನ್ನು ಗಾಡಿಯಲ್ಲಿ ಕರೆತಂದು, ಬಾಗಿಲು ತೆಗೆಯುವ ಹೊತ್ತಿಗೇ ಆಫೀಸಿನ ಮುಂದೆ ಹಾಜರಾದೆ. (ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಹೆಸರು ಬರೆದರೆ ನಾಳೆ ನೀವೆಲ್ಲ ಆ ಅಟೆಂಡರನ್ನು ನೋಡಲು ಹೊರಡುತ್ತೀರಿ, ಅವರು ನನ್ನನ್ನು ಬೈಯುತ್ತಾರೆ.)

ಒಳಗೆ ಒಬ್ಬ ಹೆಂಗಸು ಊದಿನಕಡ್ಡಿ ಹಚ್ಚಿ ಟೇಬಲ್ಲಿನ ಸಂದಿಗೆ ಸಿಗಿಸುತ್ತಿದ್ದರು. ಇವರೇ ಆ ಅಟೆಂಡರ್, ಹೆಸರು ಖಾಜಾಬಿ. ಕುಷ್ಟಗಿಯ ಬಳೆಗಾರರ ಮನೆಯವರು, ತವರಿನವರದು ಇಂದಿಗೂ ಬಳೆ ಅಂಗಡಿ ಇದೆ ಅನ್ನುವುದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ನಾನು ಹುಷಾರಾಗಿರುತ್ತಿದ್ದೆ. ಬಳೆ ಮಾರುವವರ ಮುಂದೆ ಪಾತ್ರೆ ಮಾರುವವನದು ಏನು ನಡೆಯುತ್ತದೆ?

"ಏನ್ ಕೆಲಸರಿ ಅಣ್ಣಾರ?"

"ಟಿ.ಸಿ. ಬೇಕಾಗಿತ್ರಿ. ಈ ಹುಡುಗೀದು. ಒರಿಜಿನಲ್ಸ್ ಸೈತ."

ಖಾಜಾಬಿಯ ಕೈ ಅಲ್ಲೇ ನಿಂತಿತು. "ನಿಮಗಿಂತ ಮೊದಲ ಯಾರರ ಬಂದಾರೇನ್ರಿ?"

"ಯಾರೂ ಇಲ್ಲ. ನಾವೇ ಫಸ್ಟ್!" ಎದೆ ಉಬ್ಬಿಸಿ ಹೇಳಿದೆ.

"ಹಂಗಾರ ಆಗಂಗಿಲ್ರಿ. ಬೋಣಿಗೆ ಟಿ.ಸಿ. ಕೊಡಂಗಿಲ್ರಿ."

"ಅಲ್ಲವಾ ತಾಯಿ, ಇದೇನ್ ಅಂಗಡಿ ಏನು?"

"ಅಂಗಡಿ ಆಗಿದ್ರ ಕೊಡ್ತಿದ್ದೆ. ಅಂಗಡ್ಯಾಗ ಹೋದ ಗಿರಾಕಿ ನಾಳೆ ಬರ್ತಾನ. ಟಿ.ಸಿ. ತೊಗೊಂಡ್ ಹೋದ ಹುಡುಗಿ ಬರ್ತಾಳೇನ್ರಿ? ಮುಂಜಾನೆದ್ದು ಟಿ.ಸಿ. ಬೋಣಿ ಆದ್ರ ಸಂಜೀತನ ಟಿ.ಸಿ.ನೇ ಹೋಗ್ತಾವ. ಕುಂದ್ರಿ. ಯಾರರ ಒಂದ್ ಛಲೋ ಕೆಲಸಕ್ಕ ಬರ್ಲಿ, ಆಮ್ಯಾಲೆ ನಿಮ್ದು."

ಅಷ್ಟರಲ್ಲಿ ಸೂಪರಿಂಟೆಂಡೆಂಟ್ ಶರಣಪ್ಪ ಬಂದರು. ಟಿ.ಸಿ. ಬರೆದುಕೊಡುವವರು ಅವರೇ. ದೂರು ಕೊಟ್ಟೆ. ಅವರು ಹೆಲ್ಮೆಟ್ ತೆಗೆದು ಕೈಮುಗಿದರು.

"ನಾ ಈ ಆಫೀಸಿಗೆ ಬರೋಕಿಂತ ಮೊದಲಿಂದ ನಡದೈತ್ರಿ ಇದು. ಹೊಸದಾಗಿ ಬಂದಾಗ ಒಮ್ಮೆ ಹಟಕ್ಕ ಬಿದ್ದು ಬೋಣಿಗೆ ಟಿ.ಸಿ. ಬರದೆ. ಅವತ್ತ ಪ್ರಿಂಟರ್ ಕೆಡ್ತು, ಕರೆಂಟ್ ಹೋತು, ಮನಿಗೆ ಹೋಗಾಗ ಗಾಡಿ ಪಂಚರ್."

"ಅದು ಟಿ.ಸಿ.ಯಿಂದ ಆತೇನ್ರಿ?"

"ಗೊತ್ತಿಲ್ರಿ. ಇನ್ನೊಮ್ಮೆ ಟೆಸ್ಟ್ ಮಾಡಿ ನೋಡೋ ಧೈರ್ಯ ನನಗಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾಕೆಂದರೆ ನನ್ನ ಅಂಗಡಿಯದೂ ಇದೇ ರಿವಾಜು! ಬೋಣಿ ಆಗುವ ಮೊದಲು ಯಾರೇ ಮಾಲು ವಾಪಸ್ ತರಲಿ, ನಾನು ಮುಟ್ಟುವುದಿಲ್ಲ. ಮೊನ್ನೆ ಒಬ್ಬ ಮೇಷ್ಟ್ರು ಸೋರುವ ಟಿಫಿನ್ ಡಬ್ಬಿ ಹಿಡಿದುಕೊಂಡು ಬಂದಾಗ, ಯಾರೋ ಒಬ್ಬರು ಚಮಚ ಕೊಳ್ಳುವ ತನಕ ಕಾಯಿಸಿದ್ದೆ. ಮೊದಲ ಗಿರಾಕಿಯಾಗಿ ಹೋದರೆ ಲಾಭ ಅಂತ ಊರಿಗೆಲ್ಲ ಹೇಳಿದವನು, ಮೊದಲ ಗಿರಾಕಿ ವಾಪಸ್ ಮಾಲು ತಂದರೆ ಏನಾಗುತ್ತದೆ ಅನ್ನುವುದನ್ನೇ ಮರೆತಿದ್ದೆ.

ಕೂತೆವು.

ಗಂಗಾವತಿಯ ಒಬ್ಬ ಹುಡುಗ ಬಂದ. ಐಡಿ ಕಾರ್ಡ್ ಕಳೆದಿದೆಯಂತೆ. ನಾನು ಎದ್ದು ನಿಂತೆ. "ಇದು ಬೋಣಿ ಆಗ್ತದಲ್ರಿ?"

"ಕಳಕೊಂಡದ್ದು ಬೋಣಿ ಹೆಂಗ ಆಗ್ತದ್ರಿ? ಕುಂದ್ರಿ."

ಹನುಮಸಾಗರದ ಒಬ್ಬಾಕೆ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರಿನ ಸ್ಪೆಲಿಂಗ್ ತಿದ್ದಿಸಲು ಬಂದಳು. ನಾನು ಮತ್ತೆ ಎದ್ದೆ.

"ತಪ್ಪು ತಿದ್ದೂದು ಬೋಣಿ ಅಲ್ರಿ. ಕುಂದ್ರಿ ಅಣ್ಣಾರ, ಚಾ ಬರ್ತೈತಿ."

ಚಾ! ಆಗ ನನ್ನ ತಲೆಗೆ ಹೊಳೆಯಿತು. ಗಿರಾಕಿ ಹೊರಟು ನಿಂತಾಗ ನಾನೇನು ಮಾಡುತ್ತೇನೆ? ಸ್ಟೂಲ್ ಎಳೆದು ಕೂಡಿಸಿ ಚಾ ತರಿಸುತ್ತೇನೆ. ಕೂತ ಗಿರಾಕಿ ಅರ್ಧ ಗಿರಾಕಿ. ಈಯಮ್ಮ ಬೋಣಿಯ ನೆಪದಲ್ಲಿ ಸೌದಾ ಶುರು ಮಾಡಿದ್ದಾರೆ. ಆದರೆ ಇವರು ಮಾರುವುದಾದರೂ ಏನನ್ನು?

ಚಾ ಬಂತು. ಕಪ್ಪು ಕೈಗೆ ಕೊಡುತ್ತ ಖಾಜಾಬಿ ಹುಲಿಗೆಮ್ಮನ ಮುಖವನ್ನೇ ದಿಟ್ಟಿಸಿದರು. "ಯಾಕ ಬೇಟಿ, ಯಾಕ ಹೊಂಟಿ?"

"ನಾ ಫೇಲ್ ಆಗೀನ್ರಿ ಖಾಲಾ." (ಇಲ್ಲಿ ಓದುವ ಮಕ್ಕಳೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ ಅಂತಲೇ ಕರೆಯುವುದು.)

"ಥೂ, ಬಿಡ್ತು ಅನ್ನು. ಬಳಿ ಒಡದ್ವು ಅಂತ ಯಾರರ ಅಂತಾರೇನು? ಬಳಿ ಹೆಚ್ಚಿದ್ವು ಅಂತಾರ. ನೀನೂ ಹಂಗ, ಮಾರ್ಕ್ಸ್ ಹೆಚ್ಚ್ಯಾವ ಅನ್ನು."

ಶರಣಪ್ಪ ಕಂಪ್ಯೂಟರಿನ ಹಿಂದಿನಿಂದ ತಲೆ ಎತ್ತಿದರು. "ನಾ ಹಂಗ ಬರದ್ರ ನನ್ನ ನೌಕರಿನೂ ಹೆಚ್ಚತೈತಿ ಖಾಜಾಬಿ!"

ಹುಲಿಗೆಮ್ಮ ನಕ್ಕಳು. ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿದ್ದೇ ತಡ, ಖಾಜಾಬಿ ಕೈತಟ್ಟಿದರು. "ಈಗ ಗುರ್ತು ಸಿಕ್ತ ನೋಡ್ರಿ! ಈಕಿ ಕಿಟಕಿ ಹುಡುಗಿ!"

ನನಗೆ ಅರ್ಥವಾಗಲಿಲ್ಲ. ಹುಲಿಗೆಮ್ಮನ ತಲೆ ಮಾತ್ರ ಕೆಳಗಾಯಿತು.

ಖಾಜಾಬಿ ಹೇಳಿದ್ದು ಇಷ್ಟು. ಗಣಿತದ ಮೊದಲ ಕ್ಲಾಸು ಶುರುವಾಗಿ, ಬಾಗಿಲು ಹಾಕಿದ ಮೇಲೆ ಒಂದು ಹುಡುಗಿ ಓಡಿಕೊಂಡು ಬರುತ್ತಾಳೆ. ಬಾಗಿಲು ಬಡಿಯುವುದಿಲ್ಲ. ವರಾಂಡದ ಕಿಟಕಿಯ ಪಕ್ಕ ನಿಂತು, ಕ್ಲಾಸು ಮುಗಿಯುವ ತನಕ ಒಳಗಿನ ಬೋರ್ಡ್ ನೋಡಿ ಬರೆದುಕೊಳ್ಳುತ್ತಾಳೆ. ಮಾತಾಡಿಸೋಣ ಅಂತ ಹತ್ತಿರ ಹೋದರೆ ಬೆಕ್ಕಿನಂತೆ ಸರಿದು ಮಾಯ. ದಿನಾ ಇದೇ ಕಥೆ.

"ಹೌದೇನ್ಬೇ?" ಅಂದೆ.

ಹೌದಂತೆ. ತಾವರಗೇರಾದಿಂದ ಕುಷ್ಟಗಿಗೆ ಒಂದು ಬಸ್ಸು, ಅಲ್ಲಿಂದ ಕೊಪ್ಪಳಕ್ಕೆ ಇನ್ನೊಂದು, ಊರ ಹೊರಗಿನ ಕ್ಯಾಂಪಸ್ಸಿಗೆ ಮತ್ತೆ ನಡಿಗೆ. ಎಷ್ಟು ಬೇಗ ಹೊರಟರೂ ಕುಷ್ಟಗಿಯಲ್ಲಿ ಒಂದು ಬಸ್ಸು ತಪ್ಪುತ್ತದೆ. ತಡವಾಗಿ ಹೋಗಿ ಎಲ್ಲರ ಮುಂದೆ ಬಾಗಿಲು ಬಡಿಯಲು ನಾಚಿಕೆ. ಸರ್ ಏನಾದರೂ ಇಂಗ್ಲಿಷಿನಲ್ಲಿ ಕೇಳಿದರೆ? ಅದಕ್ಕೇ ಕಿಟಕಿ.

"ಕಿಟಕ್ಯಾಗಿಂದ ಬೋರ್ಡಿನ ಎಡಗಡೆ ಅಷ್ಟ ಕಾಣತೈತಿ ಮಾಮಾ," ಅಂದಳು ಮೆಲ್ಲಗೆ. "ಬಲಗಡೆ ಏನ್ ಬರೀತಾರ ಗೊತ್ತಾಗಂಗಿಲ್ಲ."

ಯೋಚನೆ ಮಾಡಿ ನೋಡಿ. 'ಇದು ಅದಕ್ಕೆ ಸಮ' ಅನ್ನುವ ತನಕ ಈಕೆಗೆ ಗೊತ್ತು. ಯಾವುದಕ್ಕೆ ಸಮ ಅನ್ನುವುದು ಗೋಡೆಯ ಆಚೆ! ಇಂಥವಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿದ್ದೆವು.

"ಮನ್ಯಾಗ ಯಾಕ ಹೇಳ್ಲಿಲ್ಲ? ಹಾಸ್ಟೆಲ್ ಕೇಳ್ತಿದ್ವಿ."

"ಏನಂತ ಹೇಳ್ಲಿ? ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಐತಿ, ಹಾಸ್ಟೆಲ್ ಯಾಕ ಅಂತ ನೀವಽ ಎಲ್ಲಾರೂ ಅಂದ್ರಿ."

ಅಂದಿದ್ದೆವು. ಹಬ್ಬದೂಟಕ್ಕೆ ಕೂತಾಗ, ಇಡೀ ಬಳಗ, ಒಕ್ಕೊರಲಿನಿಂದ. ಬಸ್ಸು ಪುಕ್ಕಟೆ, ನಿಜ. ಅದು ಹಳ್ಳಿಯ ಎಷ್ಟೋ ಹುಡುಗಿಯರನ್ನು ಕಾಲೇಜಿನ ಬಾಗಿಲಿಗೆ ತಂದಿದೆ, ಅದೂ ನಿಜ. ಆದರೆ ಬಾಗಿಲ ತನಕ ತಂದದ್ದು ಒಳಗೆ ಕೂಡಿಸಿತೇ? ಬರೆದಿಟ್ಟುಕೊಳ್ಳಿ, ಪುಕ್ಕಟೆ ಸಿಗುವುದಕ್ಕೆ ಎರಡು ಸಲ ರೇಟು ಕೇಳಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಖಾಜಾಬಿ ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೇ ನಿಂತರು. "ಅದಿರ್ಲಿ, ನಾ ನಿನಗಂತ ಆ ಕಿಟಕಿ ಬಾಜೂಕ ಖುರ್ಚಿ ಹಾಕಿಟ್ರ ಒಂದಿನಾನೂ ಕೂಡ್ಲಿಲ್ಲಲ್ಲ ನೀ? ಏನ್ ಸೊಕ್ಕಬೇ ನಿನಗ?"

"ಅಯ್ಯ! ಅದು ನನಗ ಹಾಕಿದ್ದೇನ್ ಖಾಲಾ? ವಾಚ್‌ಮನ್ ಕಾಕಾರ ಖುರ್ಚಿ ಅಂದ್ಕೊಂಡಿದ್ದೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿನಾ ಒಬ್ಬರು ಖುರ್ಚಿ ಇಡುವುದು, ಇನ್ನೊಬ್ಬರು ಅದರ ಪಕ್ಕವೇ ಕಾಲು ನೋಯುವ ತನಕ ನಿಲ್ಲುವುದು. ನಮ್ಮ ಸೀಮೆಯ ಸಂಕೋಚ ಅಂದರೆ ಇದೇ ನೋಡಿ. ಕೊಡುವವರು ಹೇಳುವುದಿಲ್ಲ, ತಗೊಳ್ಳುವವರು ಕೇಳುವುದಿಲ್ಲ.

"ಏಳು," ಅಂದರು ಖಾಜಾಬಿ. "ಹಾಸ್ಟೆಲ್‌ನ್ಯಾಗ ಅಡಿಗಿ ಮಾಡೋ ಪಾರವ್ವ ನಿನ್ನೆ ಅಂತಿದ್ಲು, ಒಂದ್ ಮಂಚ ಖಾಲಿ ಬಿದ್ದೈತಿ ಅಂತ. ವಾರ್ಡನ್ ಮೇಡಂ ಈಗ ಬಂದಿರ್ತಾರ. ನಡಿ."

"ಮತ್ತ ನಮ್ಮ ಟಿ.ಸಿ.ರಿ?" ಅಂದೆ. ಸೋಲುವ ಗಿರಾಕಿಯ ಕೊನೆಯ ಮಾತು.

"ಬೋಣಿ ಆಗ್ಲಿ ತಡೀರಿ!" ಹೊಸಿಲು ದಾಟುತ್ತಲೇ ಕೂಗಿದರು.

ನಾನೂ ಶರಣಪ್ಪನವರೂ ಉಳಿದೆವು. ನಾನು ಕೇಳಿದೆ, "ಇದು ಈಯಮ್ಮನ ಡ್ಯೂಟಿ ಏನ್ರಿ?"

"ಡ್ಯೂಟಿ ಅಂದ್ರ ಫೈಲ್ ಒಯ್ಯೋದು, ಬೆಲ್ ಹೊಡ್ಯೋದು, ಚಾ ತರೋದು. ಆದ್ರ ಇಲ್ಲೆ ಹಂಗ ನಡ್ಯಂಗಿಲ್ರಿ. ಪರೀಕ್ಷೆ ದಿನ ನಮ್ಮ ಬಸ್ ಡ್ರೈವರ್ ಗೇಟಿನ್ಯಾಗ ಹಾರನ್ ಹೊಡಕೋತ ನಿಂದರ್ತಾನ, ಓಡಿ ಬರೋರು ಯಾರರ ಅದಾರೇನು ಅಂತ. ಯಾವ ಹುಡುಗಿ ಊಟ ಬಿಟ್ಟಾಳ ಅನ್ನೋದು ವಾರ್ಡನ್‌ಗಿಂತ ಮೊದಲ ಪಾರವ್ವಗ ಗೊತ್ತು. ಯಾರು ಅಳಾಕತ್ಯಾರ ಅನ್ನೋದು ಕಸ ಹೊಡ್ಯೋರಿಗಿ ಗೊತ್ತು." ಕಂಪ್ಯೂಟರಿನ ಕಡೆ ತಿರುಗುತ್ತ ಹೇಳಿದರು, "ಪ್ರೊಫೆಸರ್‌ರಿಗಿ ಹುಡುಗ್ರು ಕ್ಲಾಸಿನ ಒಳಗ ಕಾಣ್ತಾರ್ರಿ. ಇವರಿಗಿ ಹೊರಗೂ ಕಾಣ್ತಾರ."

ಹಾಗಂತ ಆ ಗಣಿತದ ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಬೋರ್ಡಿನ ಕಡೆ ಮುಖ ಮಾಡಿ ಪಾಠ ಮಾಡುವವರಿಗೆ ಬೆನ್ನ ಹಿಂದಿನ ಕಿಟಕಿ ಹೇಗೆ ಕಾಣಬೇಕು? ಕಾಣುವವರು ಬೇರೆ ಇರಬೇಕು. ಇದ್ದಾರೆ. ಆದರೆ ಕಾಲೇಜಿನ ಬಣ್ಣಬಣ್ಣದ ಪ್ರಾಸ್ಪೆಕ್ಟಸ್ಸಿನಲ್ಲಿ ಕಟ್ಟಡದ ಫೋಟೋ ಇರುತ್ತದೆ, ಲ್ಯಾಬಿನ ಫೋಟೋ ಇರುತ್ತದೆ, ಕಡೆಗೆ ಕಾರಂಜಿಯ ಫೋಟೋ ಕೂಡ ಇರುತ್ತದೆ. (ಆ ಕಾರಂಜಿಯಲ್ಲಿ ನೀರು ಬಂದದ್ದನ್ನು ಕಂಡವರು ನನಗೆ ತಿಳಿಸಿ.) ಖಾಜಾಬಿಯದು ಇರುವುದಿಲ್ಲ. ಅಂಗಡಿಯ ಅಸಲಿ ಮಾಲನ್ನು ಷೋಕೇಸಿನಲ್ಲಿ ಇಡದ ವ್ಯಾಪಾರ ಇದು.

ನನ್ನ ಚಾ ಆರಿತ್ತು. ಇಬ್ಬರೂ ವಾಪಸ್ ಬಂದರು. ಹುಲಿಗೆಮ್ಮನ ಕೈಯಲ್ಲಿ ವಾರ್ಡನ್ ಸಹಿ ಮಾಡಿದ ಹಾಸ್ಟೆಲ್ ಅಡ್ಮಿಷನ್ ಫಾರಂ. ಶರಣಪ್ಪ ಸೀಲಿಗೆ ಕೈ ಹಾಕಿದರೂ ಹೊಡೆಯಲಿಲ್ಲ. "ಮೊದಲ ನಿಮ್ಮ ಮಾಮಾಗ ಹೇಳು ತಂಗಿ," ಅಂದರು.

ನಾನು ನನ್ನ ಕೊನೆಯ ದಾಳ ಹಾಕಿದೆ. ಹಾಕಲೇಬೇಕಲ್ಲ, ಮಾವ ಅಂದ ಮೇಲೆ. "ನೋಡಬೇ, ಹಾಸ್ಟೆಲ್‌ಗೆ ಬಂದ್ ಕೂಡ್ಲೆ ಗಣಿತ ಬರ್ತೈತಿ ಅಂತೇನಿಲ್ಲ. ನಾಳೆ ಮತ್ತ ಫೇಲ್ ಆದ್ರ? ನಮ್ಮ ಅಂಗಡಿ ಐತಿ. ಇನ್ನೊಮ್ಮೆ ವಿಚಾರ ಮಾಡು."

ಹುಡುಗಿ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಒಳಗ ಕುಂತು ಫೇಲ್ ಆದ್ರ ನಾನಽ ಬಂದು ನಿಮ್ಮ ಅಂಗಡ್ಯಾಗ ಕೂಡ್ತೀನಿ ಮಾಮಾ. ಹೊರಗ ನಿಂತು ಫೇಲ್ ಆಗಿ ಹೋಗಂಗಿಲ್ಲ."

ಠಪ್! ಸೀಲು ಬಿತ್ತು.

"ಆತ್ ನೋಡ್ರಿ ಬೋಣಿ!" ಖಾಜಾಬಿ ಆ ಫಾರಮ್ಮನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು, ನಾವು ದಿನದ ಮೊದಲ ನೋಟನ್ನು ಒತ್ತಿಕೊಳ್ಳುವ ಹಾಗೆಯೇ. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಒಂಚೂರೂ ನಗು ಇಲ್ಲ. "ಹೂಂ ಅಣ್ಣಾರ, ಇನ್ನ ಅಡ್ಡಿ ಇಲ್ಲ. ನಿಮ್ಮ ಟಿ.ಸಿ. ಕೊಡ್ಲೇನ್ರಿ?"

"ಬ್ಯಾಡ್ರಿ," ಅಂದೆ. "ರೇಟ್ ಹೊಂದ್ಲಿಲ್ಲ."

ಋಣ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಹೊರಡುವಾಗ, "ನಮ್ಮ ಅಂಗಡಿಗೆ ಬರ್ರಿ, ಒಂದ್ ಛಲೋ ಟಿಫಿನ್ ಡಬ್ಬಿ ಕೊಡ್ತೀನಿ," ಅಂದೆ.

"ನನಗ ಐತ್ರಿ ಡಬ್ಬಿ. ಹಾಸ್ಟೆಲ್‌ನ್ಯಾಗ ಪಾರವ್ವನ ಬೇಳಿ ಬೋಗಾಣಿ ತಳ ಹಾರಿ ಹೋಗೈತಿ."

"ಹಂಗಾರ ಒಂದ್ ಸಣ್ಣ ಬೋಗಾಣಿ..."

"ನಿಮ್ಮ ಹುಡುಗಿ ಒಬ್ಬಾಕಿನ ಉಣ್ಣಾಕಿ ಏನ್ರಿ ಅಲ್ಲೆ?"

ಇಡೀ ಹಾಸ್ಟೆಲ್ಲಿಗೆ ಬೇಳೆ ಬೇಯುವಷ್ಟು ದೊಡ್ಡ ಬೋಗಾಣಿ ಮರುದಿನ ಆಟೋದಲ್ಲಿ ಹೋಯಿತು. ಆಟೋ ಬಾಡಿಗೆಯೂ ನನ್ನದೇ. ಒಂದೇ ಮುಂಜಾನೆ, ಎರಡು ಸೋಲು. ಇಷ್ಟು ಖುಷಿಯಾಗಿ ನಾನು ಎಂದೂ ಸೋತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಉಪದೇಶ ಮಾಡದೆ ಬಿಟ್ಟರೆ ನೀವು ನಂಬುವುದಿಲ್ಲ. ಮಕ್ಕಳನ್ನು ದೊಡ್ಡ ಕಾಲೇಜಿಗೆ ಸೇರಿಸುವ ತಂದೆ-ತಾಯಿಗಳೇ, ಕುಲಪತಿ ಯಾರು ಅಂತ ಆಮೇಲೆ ಕೇಳಿ. ಮೊದಲ ದಿನ ಆಫೀಸಿನ ಹೊಸಿಲಲ್ಲಿ ನಿಂತು, ಇಲ್ಲಿ ಊದಿನಕಡ್ಡಿ ಹಚ್ಚುವವರು ಯಾರು ಅಂತ ಕೇಳಿ. ಅವರಿಗೆ ನಿಮ್ಮ ಮಗುವಿನ ಹೆಸರು ಹೇಳಿ, ಅವರ ಹೆಸರನ್ನು ಮಗುವಿಗೆ ಹೇಳಿ. ಮತ್ತೆ ಮಕ್ಕಳೇ, ವರಾಂಡದಲ್ಲಿ ಖಾಲಿ ಖುರ್ಚಿ ಕಂಡರೆ ಒಮ್ಮೆ ಕೇಳಿ ನೋಡಿ. ನಿಮಗಾಗಿಯೇ ಇಟ್ಟಿರಬಹುದು.

ಹುಲಿಗೆಮ್ಮ ನಿನ್ನೆ ಫೋನು ಮಾಡಿದ್ದಳು. ಹಾಸ್ಟೆಲ್ಲಿನ ರೊಟ್ಟಿ ದಪ್ಪ ಅಂತೆ, ಮಂಚ ಕಿರ್ ಅನ್ನುತ್ತದಂತೆ. ಮೊದಲ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚಿನಲ್ಲೇ ಕೂಡುತ್ತಾಳಂತೆ. "ಈಗ ಇಡೀ ಬೋರ್ಡ್ ಕಾಣತೈತಲ್ಲ, ತಿಳೀತೈತೇನ್ಬೇ?" ಅಂತ ಕೇಳಿದೆ.

"ಬಲಗಡೆ ಇನ್ನೂ ಕಠಿಣ ಐತಿ ಮಾಮಾ!" ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಸಿಟ್ಟಿತ್ತು. ಒಳಗೆ ಕೂತವರ ಸಿಟ್ಟು. ಮುಂದಿನ ಟೆಸ್ಟಿನಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ, ನಾನು ಪಾತ್ರೆ ವ್ಯಾಪಾರಿ. ಅಂಗಡಿಯ ಬಿಲ್ ಕೌಂಟರಿಗೆ ಮಾತ್ರ ಬೇರೆಯವರನ್ನು ಹುಡುಕಲು ಶುರು ಮಾಡಿದ್ದೇನೆ.

ಅಂದ ಹಾಗೆ, ನಿಮ್ಮೂರಿನ ಕಾಲೇಜಿನಲ್ಲಿ ಇವತ್ತು ಬೋಣಿ ಏನಾಯ್ತು?